ಬೇಯಿಸಿದ ಕ್ಯಾರೆಟ್‌ನಲ್ಲಿ ಬೀಟಾ ಕ್ಯಾರೊಟಿನ್ ಜಾಸ್ತಿ ಕಾಣುವುದು ಯಾಕೆ?

ಪ್ರಶ್ನೆ: ನಾನು ಆಹಾರ ವಿಜ್ಞಾನದ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಕ್ಯಾರೆಟ್ ಮತ್ತು ಪಾಲಕ್ ಸೊಪ್ಪಿನ ಕ್ಯಾರೊಟಿನಾಯ್ಡ್‌ಗಳನ್ನು, ಅಂದರೆ ಹಳದಿ, ಕಿತ್ತಳೆ ವರ್ಣದ್ರವ್ಯಗಳನ್ನು, ಎಚ್‌ಪಿಎಲ್‌ಸಿಯಲ್ಲಿ (ಸಾರದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯುತ್ತಿದ್ದೇನೆ. ವಸ್ತುಗಳನ್ನು ಬೇರ್ಪಡಿಸುವ ಕೊಳವೆ ಸಿ18 ಕಾಲಂ, ಹಲವು ತರಂಗಾಂತರಗಳನ್ನು ಒಟ್ಟಿಗೆ ಓದುವ ಡಯೋಡ್ ಅರೇ ಡಿಟೆಕ್ಟರ್, ಅಳೆದ ತರಂಗಾಂತರ 450 ನ್ಯಾನೊಮೀಟರ್. ಹಸಿ ಕ್ಯಾರೆಟ್‌ನಲ್ಲಿ ಬೀಟಾ ಕ್ಯಾರೊಟಿನ್ 100 ಗ್ರಾಂಗೆ 8.1 ಮಿಲಿಗ್ರಾಂ ಬಂತು, ಬೇಯಿಸಿದ್ದರಲ್ಲಿ 9.4. ಅದೇ ಹಸಿ ಕ್ಯಾರೆಟ್ ಸಾರವನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ಬೆಳಕಿನ ಹೀರಿಕೆ ಅಳೆಯುವ ಯಂತ್ರ) ಓದಿದರೆ 12.6. ಮೂರು ಸಲ ಮಾಡಿದರೆ ಮೂರೂ ಸಲ ಬೇರೆ ಬೇರೆ ಅಂಕಿ. ಪಾಲಕ್ ಸಾರವನ್ನು ಹೆಕ್ಸೇನ್ ಅನ್ನುವ ದ್ರಾವಕದಲ್ಲೇ ಇಂಜೆಕ್ಟ್ ಮಾಡುತ್ತೇನೆ, ಲ್ಯೂಟಿನ್ ಅನ್ನುವ ಹಳದಿ ವರ್ಣದ್ರವ್ಯದ ಪೀಕ್ (ಯಂತ್ರದ ನಕ್ಷೆಯಲ್ಲಿ ಏಳುವ ಉಬ್ಬು) ಎರಡಾಗಿ ಸೀಳುತ್ತದೆ. ಒಬ್ಬರು ಕಾಲಂ ಹಾಳಾಗಿದೆ, ಸಿ30 ಅನ್ನುವ ಬೇರೆ ಕಾಲಂ ತಗೊಳ್ಳಿ ಅಂದರು. ಇನ್ನೊಬ್ಬರು ಬೆಳಕಿಗೆ ಎಲ್ಲಾ ನಾಶವಾಗಿದೆ ಅಂದರು. ಸಪಾನಿಫಿಕೇಶನ್ (ಕ್ಷಾರ ಹಾಕಿ ಕೊಬ್ಬು, ಎಸ್ಟರ್‌ಗಳನ್ನು ಒಡೆಯುವುದು) ಮಾಡದೆ ಯಾವ ಅಂಕಿಯನ್ನೂ ನಂಬಬೇಡಿ ಅಂತ ಮತ್ತೊಬ್ಬರು. ಯಾವುದು ನಿಜ? ಬೇಯಿಸಿದರೆ ಕ್ಯಾರೊಟಿನ್ ಹೆಚ್ಚಾಗುತ್ತದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಬೇರೆ ಬೇರೆ ಸಮಸ್ಯೆಗಳು ಒಟ್ಟಿಗೆ ಸಿಕ್ಕಿಕೊಂಡಿವೆ. ಬೇಯಿಸಿದ್ದರಲ್ಲಿ ಜಾಸ್ತಿ ಬಂದದ್ದು ಒಂದು, ಎರಡು ಯಂತ್ರಗಳ ಅಂಕಿ ಕೂಡಿಬರದಿರುವುದು ಇನ್ನೊಂದು, ಮೂರು ಸಲದ ವ್ಯತ್ಯಾಸ ಮತ್ತೊಂದು, ಸೀಳಿದ ಪೀಕ್ ಕೊನೆಯದು. ಇವಕ್ಕೆಲ್ಲ ಒಂದೇ ಕಾರಣ ಹುಡುಕಲು ಹೋದರೆ ಕಾಲಂ ಮೇಲೇ ಅನುಮಾನ ಬರುತ್ತದೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ. ಆದರೆ ನೀವು ಬರೆದದ್ದನ್ನು ಓದಿದರೆ ಕಾಲಂ ಕಡೆ ಬೆರಳು ತೋರಿಸುವ ಗುರುತು ಒಂದೂ ನನಗೆ ಕಾಣಲಿಲ್ಲ. ಕ್ಯಾರೊಟಿನಾಯ್ಡ್ ಕೆಲಸದಲ್ಲಿ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಸೂಜಿ ಕಾಲಂಗೆ ಸಾರ ಬಿಡುವ ಮೊದಲೇ ಆಗಿ ಮುಗಿದಿರುತ್ತವೆ. ಕತ್ತರಿಸುವಾಗ, ಅರೆಯುವಾಗ, ಒಣಗಿಸುವಾಗ, ಹೋಲಿಕೆಗೆ ಬಳಸುವ ಶುದ್ಧ ವಸ್ತುವಾದ ಸ್ಟ್ಯಾಂಡರ್ಡ್ ಕರಗಿಸುವಾಗ.

ಮೊದಲು ಬೇಯಿಸಿದ ಕ್ಯಾರೆಟ್ ವಿಷಯ. ಬೇಯಿಸಿದರೆ ಹೊಸ ಕ್ಯಾರೊಟಿನ್ ಹುಟ್ಟುವುದಿಲ್ಲ. ಗಿಡದ ಜೀವಕೋಶ ಅದನ್ನು ಕಿಣ್ವಗಳ ಸಹಾಯದಿಂದ ಹಂತ ಹಂತವಾಗಿ ಕಟ್ಟುತ್ತದೆ, ಕುದಿಯುವ ನೀರಿನಲ್ಲಿ ಆ ಕಿಣ್ವಗಳು ಕೆಲಸ ಮಾಡುವುದಿಲ್ಲ. ಹಾಗಾದರೆ 8.1 ಇದ್ದದ್ದು 9.4 ಹೇಗಾಯಿತು? ಸಾಮಾನ್ಯವಾಗಿ ಮೂರು ಕಾರಣ, ನಿಮ್ಮಲ್ಲಿ ಮೂರೂ ಸ್ವಲ್ಪ ಸ್ವಲ್ಪ ಇರಬಹುದು.

ಒಂದು, ತೂಕ. ಬೇಯಿಸಿದಾಗ ಕ್ಯಾರೆಟ್ ನೀರನ್ನೂ ಕರಗುವ ಸಕ್ಕರೆಯನ್ನೂ ಬಿಟ್ಟುಕೊಡುತ್ತದೆ. ಕ್ಯಾರೊಟಿನ್ ನೀರಿನಲ್ಲಿ ಕರಗುವುದಿಲ್ಲ, ಅದು ತುಂಡಿನೊಳಗೇ ಉಳಿಯುತ್ತದೆ. 100 ಗ್ರಾಂ ಹಸಿ ಕ್ಯಾರೆಟ್ ಬೆಂದ ಮೇಲೆ 84 ಗ್ರಾಂ ಆಯಿತು ಅಂದುಕೊಳ್ಳಿ. ಆಗ ನಿಮ್ಮ 9.4 ಅನ್ನು 0.84ರಿಂದ ಗುಣಿಸಬೇಕು, 7.9 ಬರುತ್ತದೆ. ಅಂದರೆ 8.1ರಲ್ಲಿ 7.9 ಉಳಿದಿದೆ, ಸುಮಾರು ಶೇ 97. ಹೆಚ್ಚಾಗುವುದು ಹಾಗಿರಲಿ, ಸ್ವಲ್ಪ ಕಡಿಮೆಯೇ ಆಗಿದೆ. ಇದನ್ನು ನಿಜವಾದ ಉಳಿಕೆ ಅನ್ನುತ್ತೇವೆ: ಬೇಯಿಸಿದ್ದರ ಸಾಂದ್ರತೆಯನ್ನು ಬೇಯಿಸಿದ ತೂಕದಿಂದ ಗುಣಿಸಿ, ಹಸಿಯದರ ಸಾಂದ್ರತೆ ಮತ್ತು ಹಸಿ ತೂಕದ ಗುಣಲಬ್ಧದಿಂದ ಭಾಗಿಸುವುದು. ಒಣ ತೂಕದ ಲೆಕ್ಕ ಹಾಕಿದರೆ ಸರಿಹೋಗುತ್ತದೆ ಅಂತ ಹಲವರು ನಂಬಿದ್ದಾರೆ, ಪೂರ್ತಿ ಹೋಗುವುದಿಲ್ಲ. ಸಕ್ಕರೆ, ಉಪ್ಪಿನಂಶ ನೀರಿಗೆ ಸೋರಿ ಹೋಗಿರುವುದರಿಂದ ಒಣ ತೂಕವೂ ಕಡಿಮೆಯಾಗಿರುತ್ತದೆ, ಕ್ಯಾರೊಟಿನ್ ಮತ್ತೆ ಜಾಸ್ತಿಯಾದಂತೆಯೇ ಕಾಣುತ್ತದೆ. ಬೇಯಿಸುವ ಮುಂಚೆ ಮತ್ತು ಬೇಯಿಸಿದ ಮೇಲೆ ಇಡೀ ಪಾತ್ರೆಯ ಕ್ಯಾರೆಟ್ ತೂಕ ಬರೆದಿಟ್ಟುಕೊಂಡಿದ್ದೀರಾ? ಇಲ್ಲದಿದ್ದರೆ ಆ ಭಾಗ ಮತ್ತೆ ಮಾಡಲೇಬೇಕು, ಬೇರೆ ದಾರಿ ಇಲ್ಲ.

ಎರಡು, ಹೊರತೆಗೆಯುವ ಸುಲಭ. ಹಸಿ ಕ್ಯಾರೆಟ್‌ನಲ್ಲಿ ಬೀಟಾ ಕ್ಯಾರೊಟಿನ್ ಸಣ್ಣ ಹರಳುಗಳ ರೂಪದಲ್ಲಿ, ಗಟ್ಟಿ ಕೋಶಭಿತ್ತಿಯ ಒಳಗೆ ಕೂತಿರುತ್ತದೆ. ಬೇಯಿಸಿದರೆ ಭಿತ್ತಿ ಮೆತ್ತಗಾಗುತ್ತದೆ, ದ್ರಾವಕ ಒಳಗೆ ಹೋಗುತ್ತದೆ. ಹಸಿಯದನ್ನು ಎರಡು ಸಲ ಸೋಸಿ ಸಾಕು ಅಂತ ನಿಲ್ಲಿಸಿದರೆ ಬಣ್ಣದ ಒಂದು ಪಾಲು ಹಿಪ್ಪೆಯಲ್ಲೇ ಉಳಿಯುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ನೀವು ಬಿಸಾಡುವ ಹಿಪ್ಪೆಯನ್ನು ಇನ್ನೊಂದು ಸಲ ತಣ್ಣನೆಯ ಅಸಿಟೋನ್ ಹಾಕಿ ಅರೆಯಿರಿ, ಸೋಸಿ, ಅದನ್ನೂ ಇಂಜೆಕ್ಟ್ ಮಾಡಿ. ಪೀಕ್ ಬಂದರೆ ನಿಮ್ಮ ಹಸಿ ಕ್ಯಾರೆಟ್ ಅಂಕಿ ಅಷ್ಟರಮಟ್ಟಿಗೆ ಕಡಿಮೆ ಅಂತಲೇ ಅರ್ಥ. ಹಿಪ್ಪೆ ಬಿಳಿಯಾಗುವ ತನಕ, ಸೋಸಿದ ದ್ರಾವಕಕ್ಕೆ ಬಣ್ಣ ಬರುವುದು ನಿಲ್ಲುವ ತನಕ ಮಾಡಬೇಕು. ಇಷ್ಟೇ ಸಲ ಅಂತ ಮೊದಲೇ ನಿಗದಿ ಮಾಡಿಕೊಳ್ಳುವುದು ಒಳ್ಳೆಯದಲ್ಲ.

ಇಲ್ಲೇ ಇನ್ನೊಂದು ಮಾತು. ನೀರು ತುಂಬಿದ ತರಕಾರಿಗೆ ನೇರವಾಗಿ ಹೆಕ್ಸೇನ್ ಹಾಕಬೇಡಿ. ಹೆಕ್ಸೇನ್ ನೀರಿನ ಜೊತೆ ಬೆರೆಯುವುದಿಲ್ಲ, ಹಾಗಾಗಿ ಕೋಶದೊಳಗೆ ಇಳಿಯುವುದೇ ಇಲ್ಲ. ಮೊದಲು ಅಸಿಟೋನ್, ಇಲ್ಲವೇ ಮೆಥನಾಲ್ ಮತ್ತು ಟೆಟ್ರಾಹೈಡ್ರೊಫ್ಯೂರಾನ್ ಮಿಶ್ರಣ. ಬಣ್ಣ ಹೊರಬಂದ ಮೇಲೆ ಅದನ್ನು ಹೆಕ್ಸೇನ್‌ಗೋ ಪೆಟ್ರೋಲಿಯಂ ಈಥರ್‌ಗೋ ದಾಟಿಸಬಹುದು.

ಮೂರನೆಯದು ಕಿಣ್ವ. ಹಸಿ ತರಕಾರಿಯನ್ನು ಅರೆದ ತಕ್ಷಣ ಲೈಪಾಕ್ಸಿಜೆನೇಸ್ ಮುಂತಾದ ಕಿಣ್ವಗಳೂ ಗಾಳಿಯ ಆಮ್ಲಜನಕವೂ ಬಣ್ಣದ ಮೇಲೆ ಬೀಳುತ್ತವೆ. ಜೊತೆಗೆ ತರಕಾರಿಯದೇ ಆಮ್ಲ ಹೊರಬರುತ್ತದೆ. ಬೇಯಿಸಿದ್ದರಲ್ಲಿ ಕಿಣ್ವ ಸತ್ತಿರುತ್ತದೆ, ಅದಕ್ಕೆ ಈ ನಷ್ಟ ಇಲ್ಲ. ಹಸಿಯದನ್ನು ಮಿಕ್ಸಿಯಲ್ಲಿ ಅರೆದು, ಮುದ್ದೆಯನ್ನು ಮೇಜಿನ ಮೇಲೆ ಬಿಟ್ಟು, ಊಟ ಮುಗಿಸಿ ಬಂದು ತೂಕ ಮಾಡಿದರೆ ನೀವು ಅಳೆಯುವುದು ಕ್ಯಾರೆಟ್‌ನಲ್ಲಿ ಇದ್ದದ್ದನ್ನಲ್ಲ, ಉಳಿದದ್ದನ್ನು. ಕತ್ತರಿಸಿ, ತೂಗಿ, ತಣ್ಣನೆಯ ಅಸಿಟೋನ್‌ನಲ್ಲೇ ಅರೆಯಿರಿ. ಒಂದು ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿದರೆ ಆಮ್ಲ ಅಡಗುತ್ತದೆ. ಪಾಲಕ್‌ನಲ್ಲಿ ಇದು ಇನ್ನೂ ಮುಖ್ಯ. ಸೊಪ್ಪಿನ ಇನ್ನೆರಡು ಹಳದಿ ವರ್ಣದ್ರವ್ಯಗಳಾದ ವಯೋಲಾಝಾಂತಿನ್, ನಿಯೋಝಾಂತಿನ್ ಎರಡಕ್ಕೂ ಆಮ್ಲ ಆಗದು. ಅವುಗಳ ಎಪಾಕ್ಸೈಡ್ ತುದಿ ಜಾಗ ಬದಲಿಸಿ ಬೇರೆಯೇ ವಸ್ತುವಾಗುತ್ತದೆ, ಬೆಳಕು ಹೀರುವ ಪಟ್ಟಿ ಒಂದೊಂದು ಎಪಾಕ್ಸೈಡ್‌ಗೆ ಸುಮಾರು 20 ನ್ಯಾನೊಮೀಟರ್ ಹಿಂದಕ್ಕೆ ಸರಿಯುತ್ತದೆ, ಗುರುತಿಸಲು ಆಗದ ಹೊಸ ಪೀಕ್‌ಗಳು ಹುಟ್ಟುತ್ತವೆ. ದ್ರಾವಕಕ್ಕೆ ಶೇ 0.1ರಷ್ಟು ಬಿಎಚ್‌ಟಿ ಅನ್ನುವ ಉತ್ಕರ್ಷಣರೋಧಕ ಸೇರಿಸಿಕೊಳ್ಳಿ, ಆಮ್ಲಜನಕದ ಕಾಟ ಕಡಿಮೆಯಾಗುತ್ತದೆ.

ಇನ್ನು 8.1 ಮತ್ತು 12.6. ಇದರಲ್ಲಿ ಎರಡೂ ಸರಿಯೇ ಇರಬಹುದು, ಯಾಕೆಂದರೆ ಎರಡೂ ಅಳೆಯುತ್ತಿರುವುದು ಒಂದೇ ವಸ್ತುವನ್ನಲ್ಲ. ಸ್ಪೆಕ್ಟ್ರೋಫೋಟೋಮೀಟರ್ 450ರಲ್ಲಿ ಬೆಳಕು ಹೀರುವ ಎಲ್ಲವನ್ನೂ ಸೇರಿಸಿ ಹೇಳುತ್ತದೆ. ಕಿತ್ತಳೆ ಬಣ್ಣದ ಕ್ಯಾರೆಟ್‌ನಲ್ಲಿ ಬೀಟಾ ಜೊತೆಗೆ ಆಲ್ಫಾ ಕ್ಯಾರೊಟಿನ್ ಸಾಕಷ್ಟು ಇರುತ್ತದೆ, ಸ್ವಲ್ಪ ಲ್ಯೂಟಿನ್ ಕೂಡ. ಎಚ್‌ಪಿಎಲ್‌ಸಿಯಲ್ಲಿ ನೀವು ಬೀಟಾ ಪೀಕ್ ಒಂದನ್ನೇ ಲೆಕ್ಕ ಹಾಕಿದ್ದೀರಿ. ಆಲ್ಫಾ, ಬೀಟಾ, ಅದರ ಸಿಸ್ ರೂಪಗಳು (ಅಣು ಬಾಗಿದವು, ನೇರವಾದದ್ದು ಟ್ರಾನ್ಸ್), ಲ್ಯೂಟಿನ್ ಎಲ್ಲಾ ಕೂಡಿಸಿ ನೋಡಿ. ಮೊತ್ತ 12ರ ಹತ್ತಿರ ಬಂದರೆ ನೆಮ್ಮದಿಯಾಗಿರಿ. ಮೊತ್ತವೂ 9ರ ಆಸುಪಾಸಿನಲ್ಲೇ ನಿಂತರೆ ಮಾತ್ರ ಬಣ್ಣ ಎಲ್ಲೋ ಕಳೆದುಹೋಗುತ್ತಿದೆ ಅಥವಾ ಸ್ಟ್ಯಾಂಡರ್ಡ್ ಕೈಕೊಟ್ಟಿದೆ. ಪಾಲಕ್‌ಗೆ ಈ ಹೋಲಿಕೆ ಮಾಡಲೇಬೇಡಿ. ಅಲ್ಲಿ ಕ್ಲೋರೊಫಿಲ್ ಬಿ ಕೂಡ 450ರ ಸುತ್ತಮುತ್ತಲೇ ಜೋರಾಗಿ ಬೆಳಕು ಹೀರುತ್ತದೆ, ಬರೀ ಹಸಿರು ಸಾರವನ್ನು 450ರಲ್ಲಿ ಓದಿ ಕ್ಯಾರೊಟಿನಾಯ್ಡ್ ಅಂತ ಬರೆದರೆ ಆ ಅಂಕಿಗೆ ಅರ್ಥವಿಲ್ಲ.

ಸ್ಟ್ಯಾಂಡರ್ಡ್ ಬಗ್ಗೆ ನೀವು ಏನೂ ಬರೆದಿಲ್ಲ. ನನಗೆ ಹೆಚ್ಚು ಚಿಂತೆ ಆಗಿರುವುದು ಅದೇ. ಬಾಟಲಿಯ ಮೇಲೆ ಶೇ 97 ಶುದ್ಧ ಅಂತ ಇತ್ತು, 5 ಮಿಲಿಗ್ರಾಂ ತೂಗಿದೆ, ಕರಗಿಸಿದೆ, ಅಷ್ಟೇ ಅಂದರೆ ಸಾಲದು. ಬೀಟಾ ಕ್ಯಾರೊಟಿನ್ ಬಾಟಲಿ ತೆರೆದ ದಿನದಿಂದಲೇ ಕೆಡಲು ಶುರುವಾಗುತ್ತದೆ. ಕೆಟ್ಟ ಭಾಗಕ್ಕೂ ತೂಕ ಇರುತ್ತದೆ, ಬಣ್ಣ ಮಾತ್ರ ಇರುವುದಿಲ್ಲ. ಅದರಿಂದ ಅಂಕಿ ಲೆಕ್ಕ ಹಾಕುವ ಕ್ಯಾಲಿಬ್ರೇಶನ್ ಗೆರೆ ಎಳೆದರೆ ನಿಮ್ಮ ಎಲ್ಲಾ ಮಾದರಿಗಳ ಅಂಕಿ ಒಟ್ಟಾಗಿ ಮೇಲೇರುತ್ತದೆ, ಮತ್ತು ಎಲ್ಲವೂ ಒಂದೇ ರೀತಿ ಏರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಾಡಬೇಕಾದ್ದು ಇಷ್ಟು. ಕರಗಿಸಿದ ಸ್ಟ್ಯಾಂಡರ್ಡ್ ಅನ್ನು ಪೆಟ್ರೋಲಿಯಂ ಈಥರ್‌ನಲ್ಲಿ ತೆಳುಮಾಡಿ 450ರಲ್ಲಿ ಓದಿ. ಬೀಟಾ ಕ್ಯಾರೊಟಿನ್‌ಗೆ ಈ ದ್ರಾವಕದಲ್ಲಿ ಒಪ್ಪಿಕೊಂಡ ಸಂಖ್ಯೆ 2592. 100 ಮಿಲಿಲೀಟರ್‌ನಲ್ಲಿ 1 ಗ್ರಾಂ ಇರುವ ದ್ರಾವಣ 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ ತೋರಿಸಬೇಕಾದ ಹೀರಿಕೆ ಅದು. ನಿಮ್ಮ ಓದು 0.500 ಬಂದರೆ ಅದನ್ನು 10,000ರಿಂದ ಗುಣಿಸಿ 2592ರಿಂದ ಭಾಗಿಸಿ, ಮಿಲಿಲೀಟರ್‌ಗೆ 1.93 ಮೈಕ್ರೊಗ್ರಾಂ. ಆಮೇಲೆ ಅದೇ ದ್ರಾವಣವನ್ನು ಇಂಜೆಕ್ಟ್ ಮಾಡಿ, ಒಟ್ಟು ಪೀಕ್ ವಿಸ್ತೀರ್ಣದಲ್ಲಿ ಬೀಟಾ ಪಾಲು ಎಷ್ಟು ನೋಡಿ. ಶೇ 92 ಇದ್ದರೆ ನಿಜವಾದ ಸಾಂದ್ರತೆ 1.77. ಗೆರೆ ಎಳೆಯುವುದು ಆ ಸಂಖ್ಯೆಯಿಂದ. ಬೇರೆ ವರ್ಣದ್ರವ್ಯಕ್ಕೆ, ಬೇರೆ ದ್ರಾವಕಕ್ಕೆ ಈ ಸಂಖ್ಯೆ ಬದಲಾಗುತ್ತದೆ. ಟೊಮೆಟೊದ ಕೆಂಪು ವರ್ಣದ್ರವ್ಯ ಲೈಕೊಪಿನ್‌ಗೆ ಪೆಟ್ರೋಲಿಯಂ ಈಥರ್‌ನಲ್ಲಿ 3450, ಲ್ಯೂಟಿನ್‌ಗೆ ಎಥನಾಲ್‌ನಲ್ಲಿ 2550. ದ್ರಾವಕ ಒಂದು, ಸಂಖ್ಯೆ ಇನ್ನೊಂದರದ್ದು ಆಗದಂತೆ ನೋಡಿಕೊಳ್ಳಿ, ಈ ಅದಲುಬದಲು ನಾನು ಎಷ್ಟೋ ವರದಿಗಳಲ್ಲಿ ಕಂಡಿದ್ದೇನೆ.

ಮೂರು ಸಲ ಮೂರು ಅಂಕಿ ಯಾಕೆ? ಯಾವ ಮೂರು ಸಲ ಅನ್ನುವುದರ ಮೇಲೆ ಉತ್ತರ ನಿಂತಿದೆ. ಒಂದೇ ವಯಲ್‌ನಿಂದ (ಸಾರ ತುಂಬಿದ ಸಣ್ಣ ಶೀಶೆ) ಮೂರು ಇಂಜೆಕ್ಷನ್ ಕೊಡಿ. ಅವು ಹೊಂದಿದರೆ ಯಂತ್ರ ಸರಿ ಇದೆ. ನಂತರ ಅರೆದ ಒಂದೇ ಮುದ್ದೆಯಿಂದ ಮೂರು ಪಾಲು ತೂಗಿ, ಮೂರನ್ನೂ ಬೇರೆ ಬೇರೆ ಹೊರತೆಗೆಯಿರಿ. ಇಲ್ಲಿ ಏರುಪೇರಾದರೆ ನಿಮ್ಮ ಸೋಸುವಿಕೆ, ಒಣಗಿಸುವಿಕೆಯಲ್ಲಿ ತೊಂದರೆ. ಇಲ್ಲೂ ಹೊಂದಿದರೆ, ಮೂರು ಬೇರೆ ಕ್ಯಾರೆಟ್‌ಗಳಿಂದ ಶುರುಮಾಡಿದಾಗ ಮಾತ್ರ ವ್ಯತ್ಯಾಸ ಬಂದರೆ, ಅದು ತಪ್ಪೇ ಅಲ್ಲ, ಕ್ಯಾರೆಟ್ ಇರುವುದೇ ಹಾಗೆ. ಹೊರಭಾಗದಲ್ಲಿ ಬಣ್ಣ ಜಾಸ್ತಿ, ನಡುವಿನ ದಿಂಡಿನಲ್ಲಿ ಕಡಿಮೆ. ಬೇರೆ ಬೇರೆ ಬೇರುಗಳಲ್ಲಿ ಬೇರೆ ಬೇರೆ. ಹಲವು ಕ್ಯಾರೆಟ್‌ಗಳನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಪ್ರತಿಯೊಂದರಿಂದ ಎದುರುಬದುರಿನ ಎರಡು ಸೀಳು ತೆಗೆದು, ಎಲ್ಲಾ ಸೇರಿಸಿ ಸಣ್ಣಗೆ ಕೊಚ್ಚಿ ಬೆರೆಸಿ, ಅದರಿಂದ ತೂಗಿದರೆ ಈ ಏರುಪೇರು ಎಷ್ಟೋ ತಗ್ಗುತ್ತದೆ. ಹಸಿಯದನ್ನೂ ಬೇಯಿಸಿದ್ದನ್ನೂ ಹೋಲಿಸುವಾಗ ಅದೇ ಕ್ಯಾರೆಟ್‌ನ ಎರಡು ಸೀಳು ಹಸಿಗೆ, ಇನ್ನೆರಡು ಬೇಯಿಸಲು ಇಟ್ಟುಕೊಳ್ಳಿ.

ಎರಡನೇ ಹಂತದಲ್ಲೇ ಏರುಪೇರು ಕಂಡರೆ ಒಣಗಿಸುವ ಹೊತ್ತನ್ನು ಮೊದಲು ಅನುಮಾನಿಸಿ. ದ್ರಾವಕ ಪೂರ್ತಿ ಆರಿ, ಗಾಜಿನ ಗೋಡೆಗೆ ಬಣ್ಣ ತೆಳುವಾಗಿ ಅಂಟಿಕೊಂಡಾಗ ಅದು ಗಾಳಿಗೆ ಪೂರ್ತಿ ತೆರೆದುಕೊಂಡಿರುತ್ತದೆ. 40 ಡಿಗ್ರಿ ಮೀರಬೇಡಿ, ಕೊನೆಯ ಸ್ವಲ್ಪವನ್ನು ನೈಟ್ರೊಜನ್ ಹರಿಸಿ ಆರಿಸಿ, ಆರಿದ ಕ್ಷಣ ಮತ್ತೆ ಕರಗಿಸಿ.

ಬೆಳಕಿನ ಮಾತು ಅರ್ಧ ನಿಜ. ಕ್ಯಾರೊಟಿನಾಯ್ಡ್‌ಗಳಿಗೆ ಬಣ್ಣ ಕೊಡುವ ಸಾಲು ಸಾಲು ಜೋಡಿ ಬಂಧಗಳೇ ಅವನ್ನು ನಾಜೂಕು ಮಾಡುತ್ತವೆ. ನೇರ ಬಿಸಿಲು, ಅತಿನೇರಳೆ ಕಿರಣ ಎರಡೂ ಅವನ್ನು ಸಿಸ್ ರೂಪಕ್ಕೆ ತಿರುಗಿಸುತ್ತವೆ, ಒಡೆಯುತ್ತವೆ. ಸಾರದಲ್ಲಿ ಕ್ಲೋರೊಫಿಲ್ ಇದ್ದರೆ ಈ ತಿರುಗುವಿಕೆ ಇನ್ನೂ ಬೇಗ. ಹಾಗಂತ ಕಗ್ಗತ್ತಲಲ್ಲಿ ಕೆಲಸ ಮಾಡಬೇಕಾಗಿಲ್ಲ. ಕಿಟಕಿ ಮುಚ್ಚಿ, ಮಂದ ದೀಪ ಅಥವಾ ಹಳದಿ ದೀಪ ಹಾಕಿ, ಕಂದು ಗಾಜು ಬಳಸಿ ಇಲ್ಲವೇ ಫಾಯಿಲ್ ಸುತ್ತಿ, ಅದೇ ದಿನ ಕೆಲಸ ಮುಗಿಸಿದರೆ ಬೆಳಕಿನಿಂದ ದೊಡ್ಡ ನಷ್ಟ ಆಗುವುದಿಲ್ಲ. ಬೆಳಕಿಗೆ ಎಲ್ಲಾ ಹೋಗಿದ್ದರೆ ನಿಮ್ಮ ಕ್ರೊಮಾಟೊಗ್ರಾಂನಲ್ಲಿ ಬೀಟಾ ಪೀಕ್‌ನ ಅಕ್ಕಪಕ್ಕ ಸಿಸ್ ಪೀಕ್‌ಗಳು ಎದ್ದು ಕಾಣಬೇಕಿತ್ತು. ಡಯೋಡ್ ಅರೇ ಇದೆಯಲ್ಲ, 338ರ ಸುತ್ತ ನೋಡಿ. 13-ಸಿಸ್ ಬೀಟಾ ಕ್ಯಾರೊಟಿನ್‌ಗೆ ಅಲ್ಲಿ ಒಂದು ಸ್ಪಷ್ಟ ಉಬ್ಬು ಇರುತ್ತದೆ, ಟ್ರಾನ್ಸ್ ರೂಪಕ್ಕೆ ಹಾಗಿರುವುದಿಲ್ಲ. ಬೇಯಿಸಿದ ಕ್ಯಾರೆಟ್‌ನಲ್ಲಿ ಇದು ಸ್ವಲ್ಪ ಕಾಣುವುದು ಸಹಜ, ಶಾಖಕ್ಕೂ ಸಿಸ್ ಆಗುತ್ತದೆ. ಹಸಿಯದರಲ್ಲಿ ಜೋರಾಗಿ ಕಂಡರೆ ನಿಮ್ಮ ಕೈಯಲ್ಲೇ ಏನೋ ಆಗುತ್ತಿದೆ.

ಸೀಳಿದ ಲ್ಯೂಟಿನ್ ಪೀಕ್‌ಗೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವು ಇಂಜೆಕ್ಟ್ ಮಾಡುತ್ತಿರುವುದು ಹೆಕ್ಸೇನ್‌ನಲ್ಲಿ. ಸಿ18ನಲ್ಲಿ ಹರಿಯುವುದು ಮೆಥನಾಲ್‌ನಂಥ ದ್ರಾವಕ, ಅದಕ್ಕಿಂತ ಹೆಕ್ಸೇನ್ ಎಷ್ಟೋ ಬಲಶಾಲಿ. ಆ ಹೆಕ್ಸೇನ್ ಹನಿ ಪೂರ್ತಿ ಬೆರೆಯುವ ತನಕ ಲ್ಯೂಟಿನ್‌ನ ಒಂದು ಪಾಲು ಅದರ ಜೊತೆ ಮುಂದೆ ಓಡುತ್ತದೆ, ಉಳಿದದ್ದು ಹಿಂದೆ ನಿಲ್ಲುತ್ತದೆ. ಬೇಗ ಹೊರಬರುವ ಪೀಕ್‌ಗಳಿಗೇ ಈ ತೊಂದರೆ ಹೆಚ್ಚು, ಅದಕ್ಕೇ ಲ್ಯೂಟಿನ್ ಸೀಳಿದೆ, ಬೀಟಾ ಸೀಳಿಲ್ಲ. ಇಂಜೆಕ್ಷನ್ ಪ್ರಮಾಣವನ್ನು ಕಾಲು ಭಾಗಕ್ಕೆ ಇಳಿಸಿ ನೋಡಿ, ಪೀಕ್ ಕೂಡಿಕೊಂಡರೆ ರೋಗ ಗೊತ್ತಾಯಿತು. ಶಾಶ್ವತ ಪರಿಹಾರ ಅಂದರೆ ಹೆಕ್ಸೇನ್ ಆರಿಸಿ, ಹರಿಯುವ ದ್ರಾವಕದಲ್ಲೇ ಕರಗಿಸುವುದು. ಅಪಾಯ ಒಂದಿದೆ: ಬೀಟಾ ಕ್ಯಾರೊಟಿನ್ ಬರೀ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುವುದಿಲ್ಲ, ಲೈಕೊಪಿನ್ ಅಂತೂ ಇನ್ನೂ ಕಷ್ಟ, ವಯಲ್‌ನ ತಳದಲ್ಲಿ ಹರಳುಗಟ್ಟಿ ಕೂರುತ್ತವೆ. ಮೊದಲು ಒಂದಿಷ್ಟು ಎಂಟಿಬಿಇ ಅನ್ನುವ ಈಥರ್ ದ್ರಾವಕದಲ್ಲಿ ಪೂರ್ತಿ ಕರಗಿಸಿ, ಆಮೇಲೆ ಮೆಥನಾಲ್ ಸೇರಿಸಿ.

ಈಗ ಸಿ30. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯವರು 1994ರಲ್ಲಿ ಕ್ಯಾರೊಟಿನಾಯ್ಡ್‌ಗಳಿಗೆಂದೇ ರೂಪಿಸಿದ ಕಾಲಂ ಅದು, ಕೆಲಸದಲ್ಲಿ ನಿಜಕ್ಕೂ ಅದ್ಭುತ. ಲ್ಯೂಟಿನ್ ಮತ್ತು ಅದರಂತೆಯೇ ಇರುವ ಝಿಯಾಝಾಂತಿನ್ ಎರಡನ್ನೂ ಬಿಡಿಸುತ್ತದೆ, 13-ಸಿಸ್, ಆಲ್ಫಾ, ಟ್ರಾನ್ಸ್ ಬೀಟಾ, 9-ಸಿಸ್ ಎಲ್ಲವನ್ನೂ ಸಾಲಾಗಿ ನಿಲ್ಲಿಸುತ್ತದೆ. ಜೋಳ, ಮೊಟ್ಟೆಯ ಹಳದಿ, ಕಿತ್ತಳೆ ಬಣ್ಣದ ದೊಣ್ಣೆಮೆಣಸು ಅಳೆಯುವವರಿಗೆ ನಾನು ಅದನ್ನೇ ಹೇಳುತ್ತೇನೆ, ಅಲ್ಲಿ ಝಿಯಾಝಾಂತಿನ್ ಬೇರೆ ಕಾಣಲೇಬೇಕು. ನಿಮ್ಮ ಕ್ಯಾರೆಟ್, ಪಾಲಕ್‌ಗೆ ಒಳ್ಳೆಯ ಸಿ18 ಸಾಕು, ಆಲ್ಫಾ ಮತ್ತು ಬೀಟಾ ಬೇರೆಯಾಗುತ್ತಿದ್ದರೆ ಆಯಿತು. ಪಾಲಕ್ ಅಂಕಿಯನ್ನು 'ಲ್ಯೂಟಿನ್ ಮತ್ತು ಝಿಯಾಝಾಂತಿನ್' ಅಂತ ಪ್ರಾಮಾಣಿಕವಾಗಿ ಬರೆಯಿರಿ, ಬೀಟಾ ಅಂಕಿಯಲ್ಲಿ ಸಿಸ್ ರೂಪ ಸೇರಿರಬಹುದು ಅಂತಲೂ ಸೇರಿಸಿ. ಬೇಯಿಸಿದಾಗ ಸಿಸ್ ಎಷ್ಟಾಯಿತು ಅನ್ನುವುದೇ ನಿಮ್ಮ ಪ್ರಾಜೆಕ್ಟ್‌ನ ಪ್ರಶ್ನೆಯಾದರೆ ಮಾತ್ರ ಸಿ30 ಬೇಕು. ಅದಕ್ಕೂ ತನ್ನದೇ ಹಠಗಳಿವೆ. ಒಂದು ರನ್‌ಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಕಾಲಂನ ತಾಪಮಾನ ಕೆಲವೇ ಡಿಗ್ರಿ ಬದಲಾದರೂ ಪೀಕ್‌ಗಳು ಒಂದರ ಮೇಲೊಂದು ಸರಿಯುತ್ತವೆ. ಕಾಲಂ ಅವನ್ ಇಲ್ಲದೆ ಕೊಳ್ಳಬೇಡಿ.

ಕಾಲಂ ಬಣ್ಣ ನುಂಗುತ್ತಿದೆಯಾ ಅನ್ನುವ ಅನುಮಾನ ಸುಮ್ನೆ ಅಲ್ಲ, ಕೆಲವು ಕಾಲಂಗಳ ತುದಿಯಲ್ಲಿರುವ ಸೋಸುವ ಬಿಲ್ಲೆಗಳಾದ ಸ್ಟೀಲ್ ಫ್ರಿಟ್‌ಗಳಿಂದ ಕ್ಯಾರೊಟಿನಾಯ್ಡ್ ಕಳೆದುಹೋಗುವುದು 1990ರ ದಶಕದ ಆರಂಭದಲ್ಲೇ ಗೊತ್ತಾಗಿದೆ. ಪರೀಕ್ಷೆ ಸುಲಭ. ಕಾಲಂ ತೆಗೆದು ಆ ಜಾಗಕ್ಕೆ ಯೂನಿಯನ್ (ಎರಡು ಕೊಳವೆ ಕೂಡಿಸುವ ಜೋಡಣೆ) ಹಾಕಿ ತೆಳು ಸ್ಟ್ಯಾಂಡರ್ಡ್ ಹರಿಸಿ, ಆಮೇಲೆ ಕಾಲಂ ಹಾಕಿ ಅಷ್ಟನ್ನೇ ಹರಿಸಿ. ಎರಡೂ ಸಲ ದ್ರಾವಕದ ಮಿಶ್ರಣ, ಹರಿವು ಒಂದೇ ಇರಲಿ. ವಿಸ್ತೀರ್ಣ ಒಂದೇ ಇದ್ದರೆ ಕಾಲಂ ಮೇಲಿನ ದೂರು ಅಲ್ಲಿಗೆ ಮುಗಿಯಿತು. ಕಡಿಮೆ ಬಂದರೆ ಹರಿಯುವ ದ್ರಾವಕಕ್ಕೆ ಅಮೋನಿಯಂ ಅಸಿಟೇಟ್ ಅಥವಾ ಒಂದಿಷ್ಟು ಟ್ರೈಈಥೈಲಮೀನ್ ಸೇರಿಸಿ ನೋಡಿ, ಹೊಸ ಕಾಲಂ ಆಮೇಲಿನ ಮಾತು.

ಸಪಾನಿಫಿಕೇಶನ್ ನಿಮಗೆ ಬೇಡ. ಅದು ಬೇಕಾಗುವುದು ಎರಡು ಕಡೆ: ಎಣ್ಣೆ ಕೊಬ್ಬು ತುಂಬಿದ ಆಹಾರ, ಮತ್ತು ಝಾಂತೊಫಿಲ್‌ಗಳು (ಲ್ಯೂಟಿನ್‌ನಂಥ, ಆಮ್ಲಜನಕ ಇರುವ ಕ್ಯಾರೊಟಿನಾಯ್ಡ್‌ಗಳು) ಕೊಬ್ಬಿನಾಮ್ಲಕ್ಕೆ ಅಂಟಿಕೊಂಡು ಎಸ್ಟರ್ ಆಗಿರುವ ಮಾವು, ಪಪ್ಪಾಯ, ಕಿತ್ತಳೆ, ಕೆಂಪು ಮೆಣಸಿನಕಾಯಿಯಂಥವು. ಕ್ಯಾರೆಟ್‌ನಲ್ಲಿ ಇವೆರಡೂ ಇಲ್ಲ. ಹಸಿರು ಸೊಪ್ಪಿನಲ್ಲಿ ಲ್ಯೂಟಿನ್ ಬಿಡಿಯಾಗಿಯೇ ಇರುತ್ತದೆ, ಕ್ಲೋರೊಫಿಲ್ ಪೀಕ್‌ಗಳು ಗ್ರೇಡಿಯಂಟ್‌ನಲ್ಲಿ (ಹರಿಯುವ ದ್ರಾವಕದ ಮಿಶ್ರಣವನ್ನು ಕ್ರಮೇಣ ಬದಲಿಸುವುದು) ಬೇರೆ ಜಾಗಕ್ಕೆ ಹೋಗುವಂತೆ ಮಾಡಿಕೊಳ್ಳಬಹುದು. ಬೇಡದ ಕಡೆ ಮಾಡಿದರೆ ನಷ್ಟವೇ ಹೆಚ್ಚು, ಕ್ಷಾರ ತೊಳೆಯುವ ನೀರಿನ ಜೊತೆ ಲ್ಯೂಟಿನ್ ಹೋಗುತ್ತದೆ. ಮುಂದೆ ಎಂದಾದರೂ ಮಾಡಬೇಕಾದರೆ ಬಿಸಿ ಮಾಡದೆ, ಶೇ 10ರ ಮೆಥನಾಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ, ಕತ್ತಲಲ್ಲಿ ರಾತ್ರಿಯಿಡೀ ಬಿಡಿ. ಆಗ ಬೀಟಾ-ಅಪೊ-8'-ಕ್ಯಾರೊಟಿನಲ್ ಅನ್ನುವ ಆಲ್ಡಿಹೈಡ್ ಅನ್ನು ಆಂತರಿಕ ಸ್ಟ್ಯಾಂಡರ್ಡ್ ಆಗಿ (ನಷ್ಟ ತಿಳಿಯಲು ಮಾದರಿಗೇ ಸೇರಿಸುವ ವಸ್ತು) ಬಳಸುವುದಾದರೆ ಅಸಿಟೋನ್ ಒಂದು ಹನಿಯೂ ಉಳಿದಿರಬಾರದು. ಕ್ಷಾರದಲ್ಲಿ ಅವೆರಡೂ ಕೂಡಿಕೊಂಡು ಬೇರೆ ವಸ್ತುವಾಗುತ್ತವೆ.

ರಿಕವರಿ, ಅಂದರೆ ಸೇರಿಸಿದ್ದರಲ್ಲಿ ವಾಪಸ್ ಸಿಕ್ಕ ಪಾಲು, ಶೇ 98 ಬಂದಿದೆ ಅಂತ ಯಾರಾದರೂ ನಿಮಗೆ ಧೈರ್ಯ ಹೇಳಿದರೆ ಅದನ್ನೂ ಅಳೆದು ತೂಗಿ ಒಪ್ಪಿಕೊಳ್ಳಿ. ಅರೆದ ಮುದ್ದೆಗೆ ಮೇಲಿಂದ ಹಾಕಿದ ಬೀಟಾ ಕ್ಯಾರೊಟಿನ್ ಸಲೀಸಾಗಿ ವಾಪಸ್ ಬರುತ್ತದೆ, ಅದು ಯಾವ ಕೋಶದ ಒಳಗೂ ಹೋಗಿಲ್ಲವಲ್ಲ. ಕೋಶದೊಳಗಿನದು ಬಂತಾ ಇಲ್ಲವಾ ಅಂತ ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ಹಿಪ್ಪೆ ಪರೀಕ್ಷೆಯೇ ಬೇಕು, ಸಾಧ್ಯವಾದರೆ ಪ್ರಮಾಣೀಕೃತ ಮಾದರಿ ತರಿಸಿ ಅಳೆಯಬೇಕು. ಎನ್‌ಐಎಸ್‌ಟಿಯ ಎಸ್‌ಆರ್‌ಎಂ 2383, ಯುರೋಪಿನ ಬಿಸಿಆರ್-485 ಇಂಥ ಕೆಲಸಕ್ಕೆಂದೇ ಮಾಡಿದ ಆಹಾರ ಮಾದರಿಗಳು.

ಬೇಯಿಸಿದ್ದು ಹೆಚ್ಚು ಪೌಷ್ಟಿಕ ಅಂತ ಬರೆಯಬಹುದಾ ಅಂತ ಮುಂದೆ ಖಂಡಿತ ಪ್ರಶ್ನೆ ಬರುತ್ತದೆ. ಬೇಯಿಸಿದಾಗ ಮೆತ್ತಗಾದ ಕೋಶದಿಂದ ನಮ್ಮ ಕರುಳು ಹೆಚ್ಚು ಬೀಟಾ ಕ್ಯಾರೊಟಿನ್ ಹೀರಿಕೊಳ್ಳಬಹುದು, ಜೊತೆಗೆ ಒಂದಿಷ್ಟು ಎಣ್ಣೆ ಇದ್ದರೆ ಇನ್ನೂ ಒಳ್ಳೆಯದು. ಆದರೆ ನಿಮ್ಮ ಎಚ್‌ಪಿಎಲ್‌ಸಿ ಅಳೆದದ್ದು ಆಹಾರದಲ್ಲಿ ಎಷ್ಟಿದೆ ಅನ್ನುವುದನ್ನು, ದೇಹಕ್ಕೆ ಎಷ್ಟು ಹೋಯಿತು ಅನ್ನುವುದನ್ನಲ್ಲ. 9.4 ತೋರಿಸಿ ಆ ಮಾತು ಹೇಳಲು ಬರುವುದಿಲ್ಲ. ಎ ವಿಟಮಿನ್ ಲೆಕ್ಕ ಕೊಡುವುದಾದರೆ ಯಾವ ಸೂತ್ರ ಬಳಸಿದಿರಿ ಅಂತ ತಪ್ಪದೆ ಬರೆಯಿರಿ. ಅಮೆರಿಕದಲ್ಲಿ 2001ರಿಂದ ಆಹಾರದ 12 ಮೈಕ್ರೊಗ್ರಾಂ ಬೀಟಾ ಕ್ಯಾರೊಟಿನ್ ಅಥವಾ 24 ಮೈಕ್ರೊಗ್ರಾಂ ಆಲ್ಫಾ ಕ್ಯಾರೊಟಿನ್ ಅನ್ನು 1 ಮೈಕ್ರೊಗ್ರಾಂ ರೆಟಿನಾಲ್‌ಗೆ ಸಮ ಅಂತ ಹಿಡಿಯುತ್ತಾರೆ. ಹಳೆಯ ಲೆಕ್ಕದಲ್ಲಿ ಬೀಟಾಗೆ 6 ಇತ್ತು, ಸೂತ್ರ ಹೇಳದಿದ್ದರೆ ಓದುವವರಿಗೆ ಇಮ್ಮಡಿ ವ್ಯತ್ಯಾಸ ಕಾಣುತ್ತದೆ. ಲ್ಯೂಟಿನ್‌ನಿಂದ ಎ ವಿಟಮಿನ್ ಆಗುವುದಿಲ್ಲ, ಪಾಲಕ್‌ನ ಒಟ್ಟು ಅಂಕಿಯನ್ನು ಇದಕ್ಕೆ ಹಾಕಬೇಡಿ.

ಸಮಯ ಕಡಿಮೆ ಇದ್ದರೆ ನಾಳೆಯೇ ಮೂರು ಕೆಲಸ ಮಾಡಿ: ಸ್ಟ್ಯಾಂಡರ್ಡ್ ಅನ್ನು 450ರಲ್ಲಿ ಓದುವುದು, ಹಸಿ ಕ್ಯಾರೆಟ್ ಹಿಪ್ಪೆಯನ್ನು ಇನ್ನೊಮ್ಮೆ ಹೊರತೆಗೆಯುವುದು, ಒಂದೇ ವಯಲ್‌ನಿಂದ ಮೂರು ಇಂಜೆಕ್ಷನ್. ಮೂರರ ಅಂಕಿಯನ್ನೂ ಕಳಿಸಿ, ತೂಕದ ಲೆಕ್ಕ ಇದ್ದರೆ ಅದನ್ನೂ. ಕಾಲಂಗೆ ಆರ್ಡರ್ ಕೊಡುವುದನ್ನು ಅಲ್ಲಿವರೆಗೆ ತಡೆದಿಡಿ.